ಏರ್‌ಬ್ಯಾಗ್ ದೀಪ ಆರಿಸಿ ಗಾಡಿ ಮಾರುವುದಕ್ಕೆ ಕಡಿವಾಣ ಬೇಕು

ಸಂಪಾದಕರಿಗೆ,

ಮಾನ್ಯರೇ,

ಕಬ್ಬಿನ ಬಿಲ್ಲು ಕೈಗೆ ಬಂದು ಮದುವೆ, ಜಾತ್ರೆಗಳ ಕಾಲ ಶುರುವಾಗುವ ಹೊತ್ತಿಗೆ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಭಾಗದಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳ ವ್ಯಾಪಾರ ಜೋರಾಗುತ್ತದೆ. ಕೊಳ್ಳುವವರು ಹೆಚ್ಚಾಗಿ ಮನೆಮಂದಿಯೆಲ್ಲ ಕೂಡಿ ಓಡಾಡಲು ಒಂದು ಗಾಡಿ ಬೇಕೆನ್ನುವ ಕುಟುಂಬದವರು. ಅವರು ಎಂಜಿನ್ನಿನ ಸದ್ದು ಕೇಳುತ್ತಾರೆ, ಟೈರು ಒತ್ತಿ ನೋಡುತ್ತಾರೆ, ಎ.ಸಿ. ಹಾಕಿಸುತ್ತಾರೆ, ಆರ್.ಸಿ. ಮೇಲೆ ಬ್ಯಾಂಕಿನ ಸಾಲ ಉಳಿದಿದೆಯೇ ಎಂದು ವಿಚಾರಿಸುತ್ತಾರೆ. ಏರ್‌ಬ್ಯಾಗ್ ವಿಷಯದಲ್ಲಿ ಮಾತ್ರ ಸ್ಟೀರಿಂಗ್ ಮೇಲೆ ಅಕ್ಷರ ಮೂಡಿದ್ದು ಕಂಡರೆ ಅವರಿಗೆ ಸಾಕಾಗುತ್ತದೆ. ಆ ಏರ್‌ಬ್ಯಾಗಿನ ದೋಷವನ್ನು ತಿಳಿಸಬೇಕಾದ ಎಚ್ಚರಿಕೆ ದೀಪವನ್ನೇ ಮಾರಾಟಕ್ಕೆ ಮೊದಲು ಬೇಕೆಂತಲೇ ಆರಿಸಿಡುವ ಚಾಳಿ ನಮ್ಮ ಭಾಗದಲ್ಲಿ ಬೆಳೆಯುತ್ತಿದ್ದು, ಮಾಲೀಕತ್ವ ವರ್ಗಾವಣೆಯ ಯಾವ ಹಂತದಲ್ಲಿಯೂ ಇದನ್ನು ಕೇಳುವವರಿಲ್ಲ ಎಂಬುದನ್ನು ಸಾರಿಗೆ ಇಲಾಖೆಯ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ವಿಭಾಗದಲ್ಲಿ ಪಾಠ ಹೇಳಿ ನಿವೃತ್ತನಾದವನು ನಾನು. ಗಾಡಿ ಕೊಳ್ಳುವ ಮುನ್ನ ಒಮ್ಮೆ ನೋಡಿಕೊಡಿ ಎಂದು ನೆಂಟರಿಷ್ಟರು, ಹಳೆಯ ವಿದ್ಯಾರ್ಥಿಗಳು ಕರೆಯುವುದರಿಂದ ಇವೆಲ್ಲ ಕಣ್ಣಿಗೆ ಬೀಳುತ್ತವೆ.

ಸರಿಯಾಗಿರುವ ಗಾಡಿಯಲ್ಲಿ ಈ ದೀಪ ನಡೆದುಕೊಳ್ಳುವ ರೀತಿ ಹೀಗಿದೆ. ಚಾವಿ ತಿರುಗಿಸಿ ಎಂಜಿನ್ ಚಾಲೂ ಮಾಡದೆ ‘ಆನ್’ನಲ್ಲಿ ನಿಲ್ಲಿಸಿದರೆ ಮೀಟರಿನಲ್ಲಿ ಕುಳಿತ ಮನುಷ್ಯ ಮತ್ತು ಮುಂದೆ ಉಬ್ಬಿದ ಚೀಲದ ಚಿತ್ರವುಳ್ಳ ದೀಪ ಹೊತ್ತುತ್ತದೆ. ಏರ್‌ಬ್ಯಾಗನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯಾದ ಕಂಟ್ರೋಲ್ ಯೂನಿಟ್ ತನ್ನ ಎಲ್ಲ ಸರ್ಕಿಟ್‌ಗಳನ್ನು ಪರೀಕ್ಷಿಸಿಕೊಂಡು ಕೆಲವು ಸೆಕೆಂಡುಗಳಲ್ಲಿ ಅದನ್ನು ತಾನೇ ಆರಿಸುತ್ತದೆ. ಆರದೆ ಉಳಿದರೆ, ಮಿಣುಕುತ್ತಿದ್ದರೆ ಅಥವಾ ಮೊದಲಿಗೆ ಹೊತ್ತಿಕೊಳ್ಳದೇ ಇದ್ದರೆ, ಮೂರರಲ್ಲಿ ಯಾವುದಾದರೂ ದೋಷವೇ. ಮೂರನೆಯದನ್ನು ನಮ್ಮ ಜನ ಗಮನಿಸುವುದಿಲ್ಲ. ದೀಪವೇ ಕಾಣಲಿಲ್ಲವೆಂದರೆ ಗಾಡಿ ಸಾಫ್ ಇದೆ ಎಂದೇ ತಿಳಿಯುತ್ತಾರೆ. ದೀಪ ಉರಿಯುತ್ತಿರುವಾಗ ಹಲವು ಗಾಡಿಗಳಲ್ಲಿ ಏರ್‌ಬ್ಯಾಗ್ ಅಷ್ಟೇ ಅಲ್ಲ, ಅಪಘಾತದ ಕ್ಷಣದಲ್ಲಿ ಸೀಟ್ ಬೆಲ್ಟನ್ನು ಬಿಗಿದೆಳೆಯುವ ಪ್ರಿಟೆನ್ಷನರ್ ಕೂಡ ಕೆಲಸ ಮಾಡದಿರಬಹುದು.

ಈ ದೀಪವನ್ನು ಮರೆಮಾಡಲು ಗ್ಯಾರೇಜುಗಳಲ್ಲಿ ಹಲವು ದಾರಿಗಳಿವೆ. ಮೀಟರ್ ಬಿಚ್ಚಿ ಬಲ್ಬು ಕಿತ್ತುಹಾಕುವುದು ಅಥವಾ ಎಲ್ಇಡಿ ಮೇಲೆ ಕಪ್ಪು ಟೇಪು ಅಂಟಿಸುವುದು ಎಲ್ಲಕ್ಕಿಂತ ಒರಟಾದದ್ದು. ಸ್ವಲ್ಪ ಜಾಣನಾದ ವೈರಿಂಗ್ ಮಿಸ್ತ್ರಿ ಆ ದೀಪದ ತಂತಿಯನ್ನು ಎಂಜಿನ್ ಆಯಿಲಿನ ಎಚ್ಚರಿಕೆ ದೀಪದ ತಂತಿಗೆ ಸೇರಿಸಿಬಿಡುತ್ತಾನೆ; ಆಗ ಚಾವಿ ತಿರುಗಿಸಿದ ಕೂಡಲೇ ದೀಪ ಹೊತ್ತಿ, ಎಂಜಿನ್ ಚಾಲೂ ಆದೊಡನೆ ಆರುವುದರಿಂದ ಎಲ್ಲವೂ ಸರಿಯಿದೆ ಎಂದೇ ಅನ್ನಿಸುತ್ತದೆ. ಇದನ್ನು ಹಿಡಿಯುವುದು ಕಷ್ಟವಲ್ಲ. ಎಂಜಿನ್ ಚಾಲೂ ಮಾಡದೆ ಕಾದು ನೋಡಿದರೆ ನಿಜವಾದ ಏರ್‌ಬ್ಯಾಗ್ ದೀಪ ತಾನಾಗಿ ಆರುತ್ತದೆ, ಆಯಿಲ್ ಮತ್ತು ಬ್ಯಾಟರಿ ದೀಪಗಳು ಉರಿಯುತ್ತಲೇ ಇರುತ್ತವೆ. ಏರ್‌ಬ್ಯಾಗ್ ದೀಪವೂ ಅವುಗಳ ಜೊತೆಗೇ ಉಳಿದರೆ ಅದರ ತಂತಿ ಎಲ್ಲಿಗೆ ಹೋಗಿದೆ ಎಂದು ಮಾರುವವರನ್ನು ಕೇಳಬೇಕು.

ಇವೆಲ್ಲಕ್ಕಿಂತ ಅಪಾಯಕಾರಿಯಾದದ್ದು ರೆಸಿಸ್ಟರ್, ಅಂದರೆ ವಿದ್ಯುತ್ತಿಗೆ ತಡೆಯೊಡ್ಡುವ ಸಣ್ಣ ಬಿಡಿಭಾಗ, ಹಾಕುವ ಉಪಾಯ. ಏರ್‌ಬ್ಯಾಗನ್ನು ಉಬ್ಬಿಸುವ ಸಾಧನದ ಒಳಗಿನ ಕಿಡಿತಂತಿಯ ರೋಧ ಸುಮಾರು ಎರಡು-ಮೂರು ಓಮ್ ಇರುತ್ತದೆ. ಅಷ್ಟೇ ರೋಧದ, ಹತ್ತಾರು ರೂಪಾಯಿಗೆ ಸಿಗುವ ರೆಸಿಸ್ಟರನ್ನು ಏರ್‌ಬ್ಯಾಗ್ ತಂತಿಯ ಹಳದಿ ಕನೆಕ್ಟರಿಗೆ ಸಿಕ್ಕಿಸಿದರೆ ಕಂಟ್ರೋಲ್ ಯೂನಿಟ್ ಏರ್‌ಬ್ಯಾಗ್ ಇದೆಯೆಂದೇ ನಂಬುತ್ತದೆ, ದೀಪ ಕ್ರಮಬದ್ಧವಾಗಿ ಹೊತ್ತಿ ಆರುತ್ತದೆ, ಗಾಡಿಯ ದೋಷ ಓದುವ ಸ್ಕ್ಯಾನರಿನಲ್ಲಿಯೂ ಏನೂ ಕಾಣದು. ಸಾಂಗ್ಲಿ ಕಡೆಯಿಂದ ಬಂದಿದ್ದ ಏಳು ಸೀಟಿನ ಗಾಡಿಯೊಂದನ್ನು ಪರಿಚಿತರಿಗಾಗಿ ನೋಡುತ್ತಿದ್ದಾಗ, ಎಡಗಡೆಯ ಡ್ಯಾಶ್‌ಬೋರ್ಡಿನ ಮೇಲ್ಮೈ ಬಲಗಡೆಗಿಂತ ತುಸು ಹೊಳಪಾಗಿ ಕಂಡಿತು. ಗ್ಲೋವ್ ಬಾಕ್ಸ್ ಇಳಿಸಿ ಟಾರ್ಚ್ ಹಾಕಿದರೆ ಏರ್‌ಬ್ಯಾಗ್ ಇರಬೇಕಾದ ಕಬ್ಬಿಣದ ಚೌಕಟ್ಟು ಖಾಲಿಯಿತ್ತು. ಹಳದಿ ಕನೆಕ್ಟರಿನ ಬಾಯಿಗೆ ಇನ್ಸುಲೇಷನ್ ಟೇಪ್ ಸುತ್ತಿದ ಸಣ್ಣದೊಂದು ರೆಸಿಸ್ಟರ್ ನೇತಾಡುತ್ತಿತ್ತು. ತಂದ ದಲ್ಲಾಳಿಯನ್ನು ಕೇಳಿದ್ದಕ್ಕೆ, “ಅದೇನ್ ದೊಡ್ಡದಲ್ರೀ ಸರ, ಬರೇ ಸೆನ್ಸರ್ ಲೈಟಿಂದು. ಗಾಡಿ ಓಡಾಕ ಅದು ಬೇಕಾಗೂದಿಲ್ಲ” ಎಂದು ನಿಶ್ಚಿಂತೆಯಿಂದ ಉತ್ತರಿಸಿದರು. ಗಾಡಿ ಓಡಲು ಅದು ಬೇಕಿಲ್ಲ ಎಂಬ ಮಾತು ನಿಜವೇ. ಗಾಡಿ ಗುದ್ದಿಕೊಂಡಾಗ ಬೇಕು.

ದೀಪ ಉರಿಯುತ್ತಿರುವ ಗಾಡಿಯೆಲ್ಲ ಗುದ್ದಿದ ಗಾಡಿ ಎಂದು ನಾನು ಹೇಳುತ್ತಿಲ್ಲ. ಸೀಟನ್ನು ಹಿಂದೆ ಮುಂದೆ ಸರಿಸಿ ಸೀಟಿನ ಕೆಳಗಿನ ಕನೆಕ್ಟರ್ ಸಡಿಲಾಗುವುದು, ಬ್ಯಾಟರಿ ಇಳಿದುಹೋಗುವುದು, ಇಲಿ ತಂತಿ ಕಡಿಯುವುದು ನಿತ್ಯದ ಕಾರಣಗಳು. ಸ್ಟೀರಿಂಗ್ ಒಳಗೆ ಸುರುಳಿ ಸುತ್ತಿಕೊಂಡಿರುವ ಕ್ಲಾಕ್ ಸ್ಪ್ರಿಂಗ್ ಎಂಬ ಪಟ್ಟಿ ತಿರುಗಿ ತಿರುಗಿ ಸವೆದು ಹರಿಯುವುದೂ ಸಾಮಾನ್ಯ. ದೀಪ ಹೊತ್ತಿದ ಕಾಲಕ್ಕೇ ಹಾರ್ನ್ ಕೂಡ ಕೈಕೊಟ್ಟಿದ್ದರೆ ಮೊದಲ ಅನುಮಾನ ಅದರ ಮೇಲೆಯೇ ಹೋಗಬೇಕು. ಇವುಗಳಲ್ಲಿ ಹೆಚ್ಚಿನವು ದೊಡ್ಡ ಖರ್ಚಿಲ್ಲದೆ ಸರಿಹೋಗುತ್ತವೆ. ಆದ್ದರಿಂದ ಉರಿಯುವ ದೀಪವನ್ನು ಹಾಗೆಯೇ ತೋರಿಸಿ, ಇದೊಂದು ಕೆಲಸವಿದೆ ಎಂದು ಹೇಳಿ ಮಾರುವವನ ಜೊತೆ ವ್ಯವಹಾರ ಮಾಡಲು ನಾನೇನೂ ಹಿಂಜರಿಯುವುದಿಲ್ಲ.

ಕೃಷ್ಣಾ ತೀರದವರಾದ ನಮಗೆ ಇನ್ನೊಂದು ಭಯವಿದೆ. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳಿಗೆ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಕೊಲ್ಹಾಪುರ, ಸಾಂಗ್ಲಿಗಳು ಆಗಲೂ, 2021ರ ಜುಲೈನಲ್ಲಿ ಮತ್ತೊಮ್ಮೆಯೂ ಮುಳುಗಿದವು. ನೀರು ಕುಡಿದ ಗಾಡಿಗಳು ಹರಾಜಾಗಿ, ತೊಳೆದು ಪಾಲಿಶ್ ಮಾಡಿಸಿಕೊಂಡು ಪೇಟೆಗೆ ಬರುತ್ತವೆ. ಏರ್‌ಬ್ಯಾಗಿನ ಕಂಟ್ರೋಲ್ ಯೂನಿಟ್ ಬಹಳಷ್ಟು ಕಾರುಗಳಲ್ಲಿ ಮುಂದಿನ ಎರಡು ಸೀಟುಗಳ ನಡುವೆ, ಗೇರ್ ಲಿವರಿನ ಆಸುಪಾಸಿನಲ್ಲಿ ನೆಲಕ್ಕೇ ಬೋಲ್ಟ್ ಮಾಡಲ್ಪಟ್ಟಿರುತ್ತದೆ. ಸೀಟಿನ ಕನೆಕ್ಟರುಗಳೂ ನೆಲಮಟ್ಟದಲ್ಲೇ ಇವೆ. ಎಂಜಿನ್ನಿಗೆ ನೀರು ತಾಗದಿದ್ದರೂ ಇವು ನೆನೆದಿರುತ್ತವೆ, ಮತ್ತು ಒಳಗಿನ ತುಕ್ಕು ಹಬ್ಬಿ ದೋಷ ಹೊರಬೀಳಲು ತಿಂಗಳುಗಳೇ ಹಿಡಿಯಬಹುದು. ಕಾರ್ಪೆಟ್ ಎತ್ತಿ, ಸೀಟಿನ ಹಳಿಯ ಬೋಲ್ಟುಗಳ ಸಂದಿಯಲ್ಲಿ ಒಣಗಿದ ಕೆಂಪು ಮಣ್ಣೋ ರೇವೆಯೋ ಇದೆಯೇ ಎಂದು ಬೆರಳಾಡಿಸಿ ನೋಡಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಸೀಟು, ಕಾರ್ಪೆಟ್ ತೊಳೆದವರೂ ಆ ಸಂದಿಯನ್ನು ಮರೆತಿರುತ್ತಾರೆ.

ಒಮ್ಮೆ ಉಬ್ಬಿದ ಏರ್‌ಬ್ಯಾಗ್ ಮತ್ತೆ ಬಳಕೆಗೆ ಬಾರದು. ಚೀಲ, ಅದನ್ನು ಉಬ್ಬಿಸುವ ಇನ್‌ಫ್ಲೇಟರ್, ಬಹುಪಾಲು ಗಾಡಿಗಳಲ್ಲಿ ಅಪಘಾತದ ದಾಖಲೆ ಉಳಿಸಿಕೊಂಡ ಕಂಟ್ರೋಲ್ ಯೂನಿಟ್ಟೂ ಸೇರಿ ಎಲ್ಲವನ್ನೂ ಬದಲಿಸಬೇಕಾಗಿ ಹತ್ತಾರು ಸಾವಿರ ರೂಪಾಯಿ ಖರ್ಚಾಗುತ್ತದೆ. ಮೋಸದ ಮೂಲ ಇರುವುದು ಈ ಖರ್ಚಿನಲ್ಲಿಯೇ. 2024ರಲ್ಲಿ ದೆಹಲಿ ಪೊಲೀಸರು ನಕಲಿ ಏರ್‌ಬ್ಯಾಗ್ ತಯಾರಿಸುತ್ತಿದ್ದವರನ್ನು ಬಂಧಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು.

ಕಾನೂನಿನ ಕಡೆಗೆ ಬರೋಣ. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು. ಪಕ್ಕದ ಸೀಟಿನದು ಹೊಸ ಮಾದರಿಗಳಿಗೆ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಆಗಲೇ ಮಾರುಕಟ್ಟೆಯಲ್ಲಿದ್ದ ಮಾದರಿಗಳಿಗೆ ಆ ವರ್ಷದ ಕೊನೆಯವರೆಗೆ ಗಡುವು ಸಿಕ್ಕಿತು. ಆ ಕಾಲದ ಗಾಡಿಗಳೇ ಈಗ ಸೆಕೆಂಡ್ ಹ್ಯಾಂಡ್ ಪೇಟೆಗೆ ಬರುತ್ತಿವೆ. ಹೊಸ ಗಾಡಿಗೆ ಇಷ್ಟು ಬಿಗಿ ನಿಯಮವಿದ್ದರೂ ಕೈ ಬದಲಾಗುವಾಗ ಏರ್‌ಬ್ಯಾಗ್ ಬಗ್ಗೆ ಯಾವ ನಿಯಮವೂ ಇಲ್ಲ. ವರ್ಗಾವಣೆಯ ನಮೂನೆ 29 ಮತ್ತು 30ರಲ್ಲಿ ಏರ್‌ಬ್ಯಾಗಿನ ಮಾತೇ ಬರುವುದಿಲ್ಲ. ಮಹಾರಾಷ್ಟ್ರದ ಗಾಡಿಗೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಜಮಖಂಡಿಯ ಕೆಎ-48 ಸಂಖ್ಯೆ ಪಡೆಯುವಾಗ ಚಾಸಿ ನಂಬರ್ ತಾಳೆ ನೋಡಲಾಗುತ್ತದೆ, ತೆರಿಗೆ ಕಟ್ಟಿಸಿಕೊಳ್ಳಲಾಗುತ್ತದೆ, ಅಲ್ಲಿಗೆ ಮುಗಿಯಿತು. ಹೊಗೆ ತಪಾಸಣೆಯಲ್ಲಿ ಹೊಗೆಯನ್ನಷ್ಟೇ ಅಳೆಯುತ್ತಾರೆ. ಖಾಸಗಿ ಕಾರಿನ ಫಿಟ್‌ನೆಸ್ ಪ್ರಶ್ನೆ ಬರುವುದು ಹದಿನೈದು ವರ್ಷ ತುಂಬಿದ ಮೇಲೆ.

ಏರ್‌ಬ್ಯಾಗ್ ತೆರೆದುಕೊಳ್ಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಗ್ರಾಹಕನ ಪರವಾಗಿ ತೀರ್ಪು ಕೊಟ್ಟು, ಡಿಕ್ಕಿಯ ವೇಗ ಮತ್ತು ಬಲವನ್ನು ಲೆಕ್ಕಹಾಕಲು ಗ್ರಾಹಕ ಭೌತಶಾಸ್ತ್ರದ ಪರಿಣತನಾಗಿರಬೇಕಿಲ್ಲ ಎಂದಿತ್ತು. ಆದರೆ ನಡುವಿನ ಯಾರೋ ಏರ್‌ಬ್ಯಾಗನ್ನೇ ಕಳಚಿ ರೆಸಿಸ್ಟರ್ ಹಾಕಿದ್ದರೆ ಎರಡನೆಯ ಮಾಲೀಕ ಕಂಪನಿಯನ್ನು ಏನೆಂದು ಕೇಳಲು ಸಾಧ್ಯ?

ಈ ದೀಪ ಹೇಳದ ದೋಷಗಳೂ ಇವೆ. ಜಪಾನಿನ ಟಕಾಟಾ ಕಂಪನಿಯ ಇನ್‌ಫ್ಲೇಟರುಗಳಲ್ಲಿನ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆ ಮತ್ತು ತೇವಕ್ಕೆ ಸಿಕ್ಕಿ ಹದಗೆಟ್ಟು, ಉಬ್ಬುವ ಗಳಿಗೆಯಲ್ಲಿ ಲೋಹದ ಚೂರುಗಳನ್ನು ಸಿಡಿಸಿ ಹಲವು ದೇಶಗಳಲ್ಲಿ ಜನರನ್ನು ಕೊಂದಿತು. ಭಾರತದಲ್ಲಿಯೂ ಅಂತಹ ಗಾಡಿಗಳನ್ನು ಹಿಂದಕ್ಕೆ ಕರೆಸಲಾಯಿತು. 2023ರ ಜನವರಿಯಲ್ಲಿ ಮಾರುತಿ ಸುಜುಕಿ ಏರ್‌ಬ್ಯಾಗ್ ಕಂಟ್ರೋಲರ್ ಪರಿಶೀಲನೆಗೆಂದು 17,362 ಗಾಡಿಗಳನ್ನು ಕರೆಸಿಕೊಂಡಿತು. ಇಂತಹ ದುರಸ್ತಿ ಉಚಿತವಾಗಿದ್ದು, ಗಾಡಿಯ ಚಾಸಿ ನಂಬರಿಗೆ ಸೇರಿದ್ದೇ ಹೊರತು ಮೊದಲ ಮಾಲೀಕನಿಗಲ್ಲ. ಕಂಪನಿಯ ಜಾಲತಾಣದಲ್ಲಿ ಚಾಸಿ ನಂಬರ್ ಹಾಕಿ ನೋಡಲು ಎರಡು ನಿಮಿಷ ಸಾಕು. ಇದರ ಜೊತೆಗೆ, ಏರ್‌ಬ್ಯಾಗ್ ಸರಿಯಿರುವ ಗಾಡಿಯಲ್ಲಿ ಮುಂದಿನ ಸೀಟಿನವರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದೂ ಪ್ರಾಣಾಪಾಯವೇ ಎಂಬುದನ್ನು ನಮ್ಮ ಮನೆಗಳಲ್ಲಿ ಇನ್ನೂ ಯಾರೂ ಗಂಭೀರವಾಗಿ ತೆಗೆದುಕೊಂಡಿಲ್ಲ.

ಹಳೆಯ ಗಾಡಿ ಮಾರುವ ಡೀಲರುಗಳು ಸಾರಿಗೆ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆಯಬೇಕೆಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅಧಿಕಾರ ಪತ್ರವಿಲ್ಲದೆ ಬಯಲಿನಲ್ಲಿ ಗಾಡಿ ನಿಲ್ಲಿಸಿ ವ್ಯಾಪಾರ ಮಾಡುವವರನ್ನು ಮೊದಲು ಆ ನಿಯಮದಡಿ ತರಬೇಕು. ಅಧಿಕಾರ ಪತ್ರ ಉಳ್ಳವರು ಪ್ರತಿ ಗಾಡಿಯ ಏರ್‌ಬ್ಯಾಗ್ ಘಟಕದ ಸ್ಕ್ಯಾನ್ ವರದಿಯನ್ನು, ಏರ್‌ಬ್ಯಾಗುಗಳು ಕಂಪನಿಯವೇ, ಬದಲಿಸಿದವೇ ಅಥವಾ ಗಾಡಿಯಲ್ಲಿ ಇಲ್ಲವೇ ಎಂಬ ಲಿಖಿತ ಹೇಳಿಕೆಯೊಂದಿಗೆ ಕೊಡುವಂತಾಗಬೇಕು. ಗಾಡಿಗೆ ಸಿಕ್ಕಿಸಿ ದೋಷ ಓದುವ, ಐದುನೂರು ರೂಪಾಯಿಯ ಸಾದಾ ಓಬಿಡಿ ಸಾಧನಗಳು ಎಂಜಿನ್ನಿನ ಕೋಡುಗಳನ್ನಷ್ಟೇ ಓದುವುದರಿಂದ ಏರ್‌ಬ್ಯಾಗ್ ಘಟಕವನ್ನು ಓದಬಲ್ಲ ಸ್ಕ್ಯಾನರಿನ ವರದಿಯೇ ಬೇಕು. ರೆಸಿಸ್ಟರಿನ ಮೋಸ ಸ್ಕ್ಯಾನರಿಗೆ ಸಿಗದ ಕಾರಣ ಲಿಖಿತ ಹೇಳಿಕೆಯನ್ನು ಬಿಡುವಂತಿಲ್ಲ. ಮುಂದೆ ಸುಳ್ಳೆಂದು ತಿಳಿದರೆ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ಹಿಡಿದು ನಿಲ್ಲಲು ಆ ಕಾಗದವೇ ಆಧಾರವಾಗುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ ನಡೆಯುವ ಮಾರಾಟಕ್ಕೂ ನಮೂನೆ 29ರ ಜೊತೆ ಇದೇ ಹೇಳಿಕೆಯನ್ನು ಲಗತ್ತಿಸಲು ಸಾರಿಗೆ ಇಲಾಖೆ ಸರ್ಕಾರಕ್ಕೆ ಪ್ರಸ್ತಾವ ಕಳಿಸಬೇಕೆಂದು ಕೋರುತ್ತೇನೆ. ಅಲ್ಲಿಯವರೆಗೆ ಜಿಲ್ಲೆಯ ಐಟಿಐ ಮತ್ತು ಪಾಲಿಟೆಕ್ನಿಕ್‌ಗಳ ವಾಹನ ವಿಭಾಗಗಳು ವಾರಕ್ಕೊಂದು ದಿನ ನಿಗದಿತ ಶುಲ್ಕ ಪಡೆದು ಸಾರ್ವಜನಿಕರ ಗಾಡಿಗಳನ್ನು ತಪಾಸಣೆ ಮಾಡಿಕೊಟ್ಟರೆ ವಿದ್ಯಾರ್ಥಿಗಳಿಗೂ ಕೈಕೆಲಸ ಸಿಕ್ಕಂತಾಗುತ್ತದೆ. ಅಂತಹ ವ್ಯವಸ್ಥೆ ಜಮಖಂಡಿಯಲ್ಲಿ ಶುರುವಾಗುವುದಾದರೆ ಸಂಬಳವಿಲ್ಲದೆ ಬಂದು ಕಲಿಸಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕಿರಿಯ ತರಬೇತಿ ಅಧಿಕಾರಿ
ಜಮಖಂಡಿ, ಬಾಗಲಕೋಟೆ ಜಿಲ್ಲೆ