ಬಂಡಿದಾರಿಗೆ ನಾವೇ ಗೇಟು ಹಾಕಿದೆವು

ಮಾನ್ಯ ಸಂಪಾದಕರೇ,

ರಿಟೈರ್ ಆದ ಮೇಲೆ ರಾಜಾಜಿನಗರದ ಮನೆಯನ್ನು ಮಗನಿಗೆ ಬಿಟ್ಟು, ನಂದಿಬೆಟ್ಟದ ಬುಡದ ಬಡಾವಣೆಯೊಂದಕ್ಕೆ ಬಂದು ಆರು ವರ್ಷವಾಯಿತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೊರಗೆ ನಿಂತರೆ ಮಂಜಿನಲ್ಲಿ ಅರ್ಧ ಬೆಟ್ಟವಷ್ಟೇ ಕಾಣುತ್ತದೆ. ಪಕ್ಕದಲ್ಲಿ ಬಲೆ ಹೊದಿಸಿದ ದ್ರಾಕ್ಷಿ ತೋಟ, ಅದರಾಚೆ ಕೆರೆ. ಸೈಟು ಮಾರುವಾಗ ಕೊಟ್ಟ ಬಣ್ಣದ ಕಾಗದದಲ್ಲೂ ಇವೆಲ್ಲ ಇದ್ದವು. ಬಂಡಿದಾರಿ ಮಾತ್ರ ಇರಲಿಲ್ಲ.

ಕೆರೆಯಾಚೆಯಿಂದ ಊರಿಗೆ ಹೋಗುವ ಆ ದಾರಿ ನಮ್ಮ ಮೂರನೇ ಅಡ್ಡರಸ್ತೆಯ ಮೇಲೇ ಹಾಯುತ್ತದೆ. ಹೋದ ಯುಗಾದಿ ಕಳೆದ ಮೇಲೆ ಅದರ ಎರಡೂ ತುದಿಗೆ ಗೇಟು ಬಿತ್ತು. ಸಂಘದ ಮೀಟಿಂಗಿನಲ್ಲಿ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಸೆಕ್ಯುರಿಟಿ ಅಂದರು, ಸರಿ ಅಂದೆ. ಕುರಿಗಳು ನನ್ನ ಹೆಂಡತಿಯ ದಾಸವಾಳ ಮೇಯ್ದಿದ್ದ ಸಿಟ್ಟೂ ಇತ್ತು, ಸುಳ್ಳೇಕೆ.

ಒಂದು ಭಾನುವಾರ ಬೆಳಿಗ್ಗೆ ತೋಟದ ಮನೆಯ ಹೆಂಗಸೊಬ್ಬರು ಹಾಲಿನ ಕ್ಯಾನು ಹಿಡಿದು ಗೇಟಿನಾಚೆ ನಿಂತಿದ್ದರು. ‘ತೆಗೀಸಿ ಸಾರ್, ಡೇರಿ ಮುಚ್ಬಿಡ್ತಾರೆ’ ಅಂದರು. ಸೆಕ್ರೆಟರಿ ಫೋನ್ ಮಾಡಿದರೆ ಮಾತ್ರ ತೆಗೆಯುವುದು ಎಂದ ವಾಚ್‌ಮನ್. ಅವನ ತಪ್ಪೇನಿದೆ? ರೂಲ್ಸ್ ಮಾಡಿದವರು ನಾವು. ಆಕೆ ಸುಮ್ನೆ ತಿರುಗಿ, ಎರಡು ಕಿಲೋಮೀಟರ್ ಸುತ್ತಿನ ಮೇನ್ ರೋಡ್ ಹಿಡಿದರು. ಭಾನುವಾರ ಆ ರೋಡಿನಲ್ಲಿ ಸೂರ್ಯೋದಯ ನೋಡಲು ಬೆಟ್ಟಕ್ಕೆ ಹೋದ ಬೈಕುಗಳದ್ದೇ ಆರ್ಭಟ. ಅವತ್ತು ನನಗೆ ತಿಂಡಿ ಸೇರಲಿಲ್ಲ.

ಆಮೇಲೆ ದಿಶಾಂಕ್ ಆಪ್‌ನಲ್ಲಿ ಸರ್ವೆ ನಂಬರ್ ನೋಡಿಕೊಂಡೆ, ಹಳೆಯ ಗ್ರಾಮನಕ್ಷೆಯನ್ನೂ ತಂದೆ. ದಾರಿ ಇದೆ. ಅದು ಬಿ ಖರಾಬು, ಅಂದರೆ ಹಳ್ಳ, ಸ್ಮಶಾನದ ಹಾಗೆ ಎಲ್ಲರಿಗೂ ಸೇರಿದ ಜಾಗ. ಅಕ್ಕಪಕ್ಕದ ಹೊಲ ಸೈಟಾದ ಮಾತ್ರಕ್ಕೆ ದಾರಿಯೂ ನಮ್ಮದಾಗುವುದಿಲ್ಲ, ಅಲ್ವಾ? ನಕ್ಷೆ ತೋರಿಸಿದರೆ ಸೆಕ್ರೆಟರಿ, ‘ನೀವು ಯಾರ ಕಡೆ ಸಾರ್?’ ಎಂದು ಕೇಳಿದರು.

ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಸುತ್ತ ದಿನಾ ಹೊಸ ಬಡಾವಣೆಯ ಕಲ್ಲು ನೆಡುತ್ತಿದ್ದಾರೆ. ಒಪ್ಪಿಗೆ ಕೊಡುವ ಮೊದಲು ಕಂದಾಯದವರು ಇಂಥ ದಾರಿಗಳನ್ನು ಅಳೆದು, ಕಲ್ಲು ಹಾಕಿಸಿ, ಸೈಟು ಕೊಳ್ಳುವವರಿಗೆ ತೋರಿಸಲಿ. ಮುಚ್ಚಿರುವುದನ್ನು ತಹಶೀಲ್ದಾರರು ತೆರೆಸಲಿ. ನಮ್ಮದರಿಂದಲೇ ಶುರು ಮಾಡಲಿ ಎಂದು ಅರ್ಜಿ ಕೊಟ್ಟಿದ್ದೇನೆ.

ಅಲ್ಲಿಯವರೆಗೆ ಬೆಳಿಗ್ಗೆ ಆರಕ್ಕೆ ಗೇಟು ತೆಗೆಯುವ ಕೆಲಸ ನನ್ನದು. ಒಂದು ಬೀಗದ ಕೈ ನನ್ನ ಹತ್ತಿರವೂ ಇದೆ. ಸಂಘದಿಂದ ಎರಡು ನೋಟಿಸ್ ಬಂದಿದೆ. ಕುರಿ ಬರುವ ಹೊತ್ತಿಗೆ ದಾಸವಾಳದ ಕುಂಡಗಳನ್ನು ಹೆಂಡತಿ ಒಳಗಿಡುತ್ತಾಳೆ.

– ಬಡಾವಣೆಯ ನಿವಾಸಿ, ನಂದಿಬೆಟ್ಟದ ತಪ್ಪಲು