ಸತ್ಯ ನುಡಿದವರನ್ನು ಸೈಕ್ಲಿಂಗ್ ಲೋಕ ಕೈಬಿಟ್ಟಿದ್ದೇಕೆ?

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಜುಲೈ ಬಂತೆಂದರೆ ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆಯ ಸುದ್ದಿಯ ಬೆನ್ನಿಗೇ ಉದ್ದೀಪನ ಮದ್ದಿನ ಅನುಮಾನವೂ ಕ್ರೀಡಾಪುಟಗಳಿಗೆ ಬರುತ್ತದೆ. ಪರ್ವತದ ಹಾದಿಯಲ್ಲಿ ಯಾರಾದರೂ ಹಳೆಯ ದಾಖಲೆ ಮುರಿದರೆ ‘ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿಲ್ಲವಲ್ಲ’ ಎಂದು ಕೆಲವರು ಸಮರ್ಥಿಸುತ್ತಾರೆ, ‘ಪರೀಕ್ಷೆಯನ್ನು ಇನ್ನಷ್ಟು ಬಿಗಿ ಮಾಡಬೇಕು’ ಎಂದು ಉಳಿದವರು ವಾದಿಸುತ್ತಾರೆ, ಚರ್ಚೆ ಅಲ್ಲಿಗೇ ಮುಗಿಯುತ್ತದೆ. ಆದರೆ ಈ ಕ್ರೀಡೆಯ ಅತಿ ದೊಡ್ಡ ವಂಚನೆಗಳನ್ನು ಬಯಲಿಗೆಳೆದವರು ಗಡಿಯಲ್ಲಿ ಕಾರು ತಡೆದ ಸುಂಕದ ಅಧಿಕಾರಿಗಳು, ದಾಳಿ ನಡೆಸಿದ ಪೊಲೀಸರು ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಧೈರ್ಯ ಮಾಡಿ ಬಾಯಿಬಿಟ್ಟ ಕೆಲವೇ ಮನುಷ್ಯರು. ಅಂಥವರನ್ನು ವೃತ್ತಿಪರ ಸೈಕ್ಲಿಂಗ್ ಹೇಗೆ ನಡೆಸಿಕೊಂಡಿತು ಎಂಬುದರ ಕಡೆಗೆ ತಮ್ಮ ಮತ್ತು ಓದುಗರ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ.

ಪರೀಕ್ಷೆಗೆ ಮಿತಿ ಇದೆ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕಾಗುತ್ತದೆ. ಮೂತ್ರಪಿಂಡದಲ್ಲಿ ಸಹಜವಾಗಿ ತಯಾರಾಗುವ ಇಪಿಒ ಎಂಬ ಹಾರ್ಮೋನು ಕೆಂಪು ರಕ್ತಕಣಗಳ ಉತ್ಪಾದನೆಯನ್ನು ಹೆಚ್ಚಿಸುತ್ತದೆ; ಅದನ್ನೇ ಚುಚ್ಚುಮದ್ದಾಗಿ ತೆಗೆದುಕೊಂಡರೆ ರಕ್ತ ಹೆಚ್ಚು ಆಮ್ಲಜನಕ ಹೊರುತ್ತದೆ, ಬೆಟ್ಟ ಹತ್ತುವ ಕಾಲುಗಳು ಬೇಗ ಸೋಲುವುದಿಲ್ಲ. ತೊಂಬತ್ತರ ದಶಕವಿಡೀ ಇದನ್ನು ಪತ್ತೆ ಹಚ್ಚುವ ಪರೀಕ್ಷೆಯೇ ಇರಲಿಲ್ಲ, ಬಂದದ್ದು 2000ದಲ್ಲಿ. ಅಲ್ಲಿಯವರೆಗೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಮಾಡಿದ್ದೆಂದರೆ, ರಕ್ತದಲ್ಲಿ ಕೆಂಪು ಕಣಗಳ ಪ್ರಮಾಣ ಶೇ 50 ಮೀರಬಾರದು ಎಂದು 1997ರಲ್ಲಿ ಒಂದು ಗೆರೆ ಎಳೆದದ್ದು. ಆ ಗೆರೆಯನ್ನು ದಾಟದೆ ಮೋಸ ಮಾಡುವುದು ಹೇಗೆಂದು ತಂಡಗಳ ವೈದ್ಯರಿಗೆ ಚೆನ್ನಾಗಿ ಗೊತ್ತಿತ್ತು. 1998ರ ವಿಶ್ವ ಚಾಂಪಿಯನ್‌ಷಿಪ್ ವೇಳೆ ರಕ್ತ ಪರೀಕ್ಷಕರು ಬಂದು ಕುಳಿತಿದ್ದಾಗ, ಮುಂದೆ ಏಳು ಬಾರಿ ಟೂರ್ ಗೆದ್ದ ಅಮೆರಿಕದ ಸೈಕ್ಲಿಸ್ಟ್ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರ ತಂಡದ ವೈದ್ಯ ಮಳೆ ಅಂಗಿಯೊಳಗೆ ಸಲೈನ್ ಬಾಟಲಿ ಬಚ್ಚಿಟ್ಟುಕೊಂಡು ಅವರ ಎದುರಿನಿಂದಲೇ ಒಳಗೆ ಹೋಗಿ, ಆರ್ಮ್‌ಸ್ಟ್ರಾಂಗ್ ರಕ್ತವನ್ನು ತೆಳುಮಾಡಿದ ಸಂಗತಿ ಅಮೆರಿಕದ ಉದ್ದೀಪನ ಮದ್ದು ತಡೆ ಘಟಕದ ವರದಿಯಲ್ಲಿದೆ. ಮುಂದೆ ಪರೀಕ್ಷೆ ಬಂದ ಮೇಲೆ ರಾತ್ರಿ ಅತಿ ಸಣ್ಣ ಪ್ರಮಾಣದಲ್ಲಿ ಮದ್ದು ತೆಗೆದುಕೊಂಡು ಬೆಳಗಾಗುವಷ್ಟರಲ್ಲಿ ಅದರ ಕುರುಹು ಇಲ್ಲದಂತೆ ಮಾಡುವ ಕ್ರಮ ರೂಢಿಗೆ ಬಂತು. 2008ರಲ್ಲಿ ಜಾರಿಯಾದ ಜೈವಿಕ ಪಾಸ್‌ಪೋರ್ಟ್, ಅಂದರೆ ಒಬ್ಬನೇ ಸೈಕ್ಲಿಸ್ಟ್‌ನ ರಕ್ತದ ಏರಿಳಿತವನ್ನು ವರ್ಷಗಟ್ಟಲೆ ದಾಖಲಿಸಿಟ್ಟು ಹೋಲಿಸುವ ಪದ್ಧತಿ, ನಿಜಕ್ಕೂ ದೊಡ್ಡ ಹೆಜ್ಜೆ. ಆದರೂ ಅದು ಅನುಮಾನದ ದಿಕ್ಕು ತೋರಿಸಬಲ್ಲದೇ ಹೊರತು ಮದ್ದು ತಂದವರು ಯಾರು, ಹಣ ಕೊಟ್ಟವರು ಯಾರು ಎಂಬುದನ್ನು ಹೇಳಲಾರದು.

ಅದನ್ನು ಹೇಳಬಲ್ಲವರು ಒಳಗಿನವರು ಮಾತ್ರ. ಫ್ರಾನ್ಸಿನ ಸೈಕ್ಲಿಸ್ಟ್ ಕ್ರಿಸ್ಟೋಫ್ ಬಸೋನ್ ಅಂಥ ಒಬ್ಬರು. 1998ರ ಟೂರ್‌ಗೆ ಮುನ್ನ ಫೆಸ್ಟಿನಾ ತಂಡದ ಕಾರಿನಲ್ಲಿ ಮದ್ದಿನ ದಾಸ್ತಾನು ಸಿಕ್ಕಿ, ಇಡೀ ತಂಡವನ್ನು ಸ್ಪರ್ಧೆಯಿಂದ ಹೊರಹಾಕಲಾಯಿತು. ಬಸೋನ್ ಅದೇ ತಂಡದ ಸದಸ್ಯ. ಅವರೊಬ್ಬರು ಮದ್ದು ಮುಟ್ಟುತ್ತಿರಲಿಲ್ಲ ಎಂದು ಜೊತೆಗಾರರೇ ಪೊಲೀಸರಿಗೆ ಹೇಳಿದ್ದರು. ಮರುವರ್ಷ ಬೇರೆ ತಂಡದ ಪರವಾಗಿ ಟೂರ್‌ನಲ್ಲಿ ಪಾಲ್ಗೊಂಡ ಅವರು, ಈ ವೇಗ ನಂಬುವಂಥದ್ದಲ್ಲ ಎಂದು ಫ್ರಾನ್ಸಿನ ಪತ್ರಿಕೆಯೊಂದರಲ್ಲಿ ಬಿಡಿಸಿ ಬರೆದರು. ಒಟ್ಟಾರೆ ಮುನ್ನಡೆಯಲ್ಲಿರುವವರು ತೊಡುವ ಹಳದಿ ಜೆರ್ಸಿಯಲ್ಲಿದ್ದ ಆರ್ಮ್‌ಸ್ಟ್ರಾಂಗ್ ಓಟದ ನಡುವೆಯೇ ಅವರ ಪಕ್ಕಕ್ಕೆ ಬಂದು, ಹೀಗೆಲ್ಲ ಮಾತನಾಡುವುದಾದರೆ ಮನೆಗೆ ಹೋಗುವುದೇ ಲೇಸು ಎಂಬರ್ಥದಲ್ಲಿ ಎಚ್ಚರಿಸಿದರು. ಸ್ವಂತ ತಂಡದವರೂ ಬಸೋನ್ ಬೆಂಬಲಕ್ಕೆ ನಿಲ್ಲಲಿಲ್ಲ. ಅವರು ಸ್ಪರ್ಧೆಯನ್ನು ಅರ್ಧಕ್ಕೇ ಬಿಟ್ಟರು, 2001ರಲ್ಲಿ ವೃತ್ತಿಯನ್ನೇ ಬಿಟ್ಟರು.

ಇಟಲಿಯ ಸೈಕ್ಲಿಸ್ಟ್ ಫಿಲಿಪ್ಪೊ ಸಿಮಿಯೋನಿ ಅವರ ಕತೆ ಇನ್ನೂ ನೋವಿನದು. ತಾನು ಇಪಿಒ ಬಳಸಿದ್ದು ನಿಜ, ಅದನ್ನು ಸೂಚಿಸಿದ್ದು ಡಾ. ಮಿಕೆಲೆ ಫೆರಾರಿ ಎಂದು ಅವರು ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದಿದ್ದರು. ಆ ಫೆರಾರಿ ಆರ್ಮ್‌ಸ್ಟ್ರಾಂಗ್ ಅವರಿಗೂ ಸಲಹೆಗಾರರಾಗಿದ್ದರು. 2004ರ ಟೂರ್‌ನ 18ನೇ ಹಂತದಲ್ಲಿ, ಒಟ್ಟಾರೆ ಸ್ಥಾನಪಟ್ಟಿಯಲ್ಲಿ ಎರಡು ಗಂಟೆಗೂ ಹೆಚ್ಚು ಹಿಂದಿದ್ದ, ಯಾರ ಗೆಲುವಿಗೂ ಅಡ್ಡಿಯಾಗದ ಸಿಮಿಯೋನಿ ಮುಂದೆ ಸಾಗಿದ್ದ ಸಣ್ಣ ಗುಂಪನ್ನು ಸೇರಲು ಹೊರಟಾಗ, ಹಳದಿ ಜೆರ್ಸಿಯ ಒಡೆಯನೇ ಅವರ ಬೆನ್ನಟ್ಟಿದರು. ಆರ್ಮ್‌ಸ್ಟ್ರಾಂಗ್ ಜೊತೆಗಿದ್ದರೆ ಹಿಂದಿನ ದೊಡ್ಡ ಗುಂಪು ಬಿಡುವುದಿಲ್ಲ ಎಂದು ತಿಳಿದಿದ್ದ ಮುಂದಿನವರು ಹಿಂದೆ ಸರಿಯುವಂತೆ ಅವರನ್ನು ಕೇಳಿಕೊಂಡರು; ಸಿಮಿಯೋನಿಯೂ ಬಂದರೆ ಮಾತ್ರ ಎಂದು ಆರ್ಮ್‌ಸ್ಟ್ರಾಂಗ್ ಪಟ್ಟುಹಿಡಿದಾಗ ಸಿಮಿಯೋನಿ ಉಳಿದವರಿಗಾಗಿ ಹಿಂದೆ ಸರಿದರು. ಹಿಂದಕ್ಕೆ ಬಂದ ಮೇಲೆ ಆರ್ಮ್‌ಸ್ಟ್ರಾಂಗ್ ಕ್ಯಾಮೆರಾ ಎದುರು ತುಟಿಗಳ ಮೇಲೆ ಬೆರಳೆಳೆದು ‘ಬಾಯಿ ಮುಚ್ಚಿಕೊಂಡಿರು’ ಎಂಬ ಸಂಜ್ಞೆ ಮಾಡಿದ್ದನ್ನು ಲೋಕವೇ ನೋಡಿತು. ಒಬ್ಬ ಸಾಕ್ಷಿಯನ್ನು ಹಾಡಹಗಲೇ ಬೆದರಿಸಿದ ಆ ಸಂಗತಿಯನ್ನು ಆ ದಿನ ಅನೇಕರು ಓಟದ ನಡುವಿನ ವೈಯಕ್ತಿಕ ಜಟಾಪಟಿ ಎಂಬಂತೆ ಹಗುರವಾಗಿ ಕಂಡರು ಎನ್ನುವುದು ನನ್ನನ್ನು ಇಂದಿಗೂ ಕಾಡುತ್ತದೆ.

ಆರ್ಮ್‌ಸ್ಟ್ರಾಂಗ್ ತಂಡದಲ್ಲಿ ಮಸಾಜ್ ಕೆಲಸ ಮಾಡುತ್ತಿದ್ದ ಐರ್ಲೆಂಡಿನ ಎಮ್ಮಾ ಒ’ರೈಲಿ, 1999ರಲ್ಲಿ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಅವರನ್ನು ತಂಡದವರು ಹಿಂದಿನ ದಿನಾಂಕ ಹಾಕಿದ ಔಷಧ ಚೀಟಿಯಿಂದ ಪಾರುಮಾಡಿದ್ದನ್ನು ಹೇಳಿದ್ದಕ್ಕೆ ಮೊಕದ್ದಮೆ ಮತ್ತು ಚಾರಿತ್ರ್ಯಹರಣ ಎರಡನ್ನೂ ಎದುರಿಸಬೇಕಾಯಿತು.

2012ರಲ್ಲಿ ಇವರೆಲ್ಲ ಹೇಳಿದ್ದು ನಿಜವೆಂದು ಸಾಬೀತಾಯಿತು. 26 ಮಂದಿ ಪ್ರಮಾಣ ಮಾಡಿ ನೀಡಿದ ಸಾಕ್ಷ್ಯದ ಬಲದಿಂದ ಆರ್ಮ್‌ಸ್ಟ್ರಾಂಗ್ ಅವರ ಏಳೂ ಟೂರ್ ಪ್ರಶಸ್ತಿಗಳು ರದ್ದಾದವು. ಆ ಸಾಕ್ಷಿಗಳಲ್ಲಿ ಅವರ ಮಾಜಿ ಸಹ ಸೈಕ್ಲಿಸ್ಟ್‌ಗಳೇ 11 ಮಂದಿ. ತಾವೂ ಮದ್ದು ಬಳಸಿದ್ದಾಗಿ ಒಪ್ಪಿಕೊಂಡು, ಆಗಲೂ ವೃತ್ತಿಯಲ್ಲಿದ್ದವರಿಗೆ ಸಹಕಾರದ ಕಾರಣಕ್ಕೆ ಆರು ತಿಂಗಳ ನಿಷೇಧವಷ್ಟೇ ಆಯಿತು. ಈ ರಿಯಾಯಿತಿ ತಪ್ಪೆಂದು ನಾನು ಹೇಳುತ್ತಿಲ್ಲ, ಅದಿಲ್ಲದಿದ್ದರೆ ಮೌನ ಮುರಿಯುತ್ತಲೇ ಇರಲಿಲ್ಲ. ಆದರೆ ಅದರ ಒಳಗಿನ ಅನ್ಯಾಯವನ್ನು ನೋಡಿ: ತಪ್ಪು ಮಾಡಿ ತನಿಖೆಗೆ ಸಿಕ್ಕ ಮೇಲೆ ಬಾಯಿಬಿಟ್ಟವನಿಗೆ ಶಿಕ್ಷೆ ಇಳಿಯುತ್ತದೆ, ತಪ್ಪೇ ಮಾಡದೆ ಮೊದಲೇ ಎಚ್ಚರಿಸಿದ ಬಸೋನ್ ಅಂಥವರಿಗೆ ಇಳಿಸಲು ಶಿಕ್ಷೆಯೇ ಇಲ್ಲವಾದ್ದರಿಂದ ನಿಯಮದಿಂದ ಏನೂ ದೊರೆಯುವುದಿಲ್ಲ. ಇತ್ತ 1996ರ ಟೂರ್ ಗೆದ್ದ ಡೆನ್ಮಾರ್ಕಿನ ಬ್ಯಾರ್ನ ರೀಸ್, ತಾವು ಇಪಿಒ ಬಳಸಿದ್ದಾಗಿ 2007ರಲ್ಲಿ ಒಪ್ಪಿಕೊಂಡ ನಂತರವೂ ಅಗ್ರ ತಂಡದ ಮುಖ್ಯಸ್ಥರಾಗಿ ವರ್ಷಗಟ್ಟಲೆ ಮುಂದುವರಿದರು.

ವಿಶ್ವ ಉದ್ದೀಪನ ಮದ್ದು ತಡೆ ಘಟಕದ 2021ರ ಸಂಹಿತೆಯಲ್ಲಿ, ಮಾಹಿತಿ ಕೊಟ್ಟವರನ್ನು ಬೆದರಿಸುವುದು, ಅವರ ಮೇಲೆ ಸೇಡು ತೀರಿಸಿಕೊಳ್ಳುವುದು ಅಪರಾಧವೆಂದು ಸೇರಿಸಿರುವುದು ಸ್ವಾಗತಾರ್ಹ. ಆದರೆ ಸೈಕ್ಲಿಂಗ್‌ನಲ್ಲಿ ಸೇಡು ಬಹುತೇಕ ಬೆದರಿಕೆಯ ರೂಪದಲ್ಲಿ ಬರುವುದಿಲ್ಲ. ಅವಧಿ ಮುಗಿದ ಒಪ್ಪಂದ ನವೀಕರಣವಾಗುವುದಿಲ್ಲ, ಬೇರೆ ತಂಡಗಳಿಂದ ಕರೆ ಬರುವುದಿಲ್ಲ, ಕಾರಣವನ್ನು ಯಾರೂ ಬರೆದು ಕೊಡುವುದಿಲ್ಲ. ಇಂಥದ್ದನ್ನು ವಿಚಾರಣೆಯಲ್ಲಿ ಸಾಬೀತುಪಡಿಸುವುದು ಹೆಚ್ಚುಕಡಿಮೆ ಅಸಾಧ್ಯ.

ಅಗ್ರ ಶ್ರೇಣಿಯ ತಂಡಗಳಿಗೆ ಪರವಾನಗಿ ಕೊಡುವಾಗ ಒಕ್ಕೂಟ ಹಣಕಾಸಿನ ಜೊತೆಗೆ ನೈತಿಕ ಮಾನದಂಡವನ್ನೂ ಪರಿಶೀಲಿಸುತ್ತದೆ. ಸಾಕ್ಷ್ಯ ನುಡಿದ ಸೈಕ್ಲಿಸ್ಟ್ ಅಥವಾ ಸಿಬ್ಬಂದಿಯನ್ನು ಕೈಬಿಟ್ಟ ತಂಡ ಅದಕ್ಕೆ ಲಿಖಿತ ಕಾರಣ ನೀಡಬೇಕು ಎಂಬ ಷರತ್ತನ್ನು ಆ ಮಾನದಂಡಕ್ಕೆ ಸೇರಿಸಲಿ. ಹಾಗೆ ಕೆಲಸ ಕಳೆದುಕೊಂಡವರಿಗೆ ಕನಿಷ್ಠ ಎರಡು ಋತುಗಳ ವೇತನವನ್ನು ತಂಡಗಳೇ ಸೇರಿ ಕಟ್ಟುವ ನಿಧಿಯಿಂದ ಕೊಡುವಂತಾಗಲಿ. ತಮ್ಮ ಪತ್ರಿಕೆಯೂ ಮುಂದಿನ ಟೂರ್ ವೇಳೆ ಅನುಮಾನದ ಸುದ್ದಿಗಳ ಜೊತೆಗೆ ಈ ಪ್ರಶ್ನೆಯನ್ನು ಎತ್ತಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗ