ಹೊಳೆದಾಸವಾಳದ ಕುಲದಲ್ಲಿ ಹೂವೂ ಬೇರೆ, ಪರಾಗವೂ ಬೇರೆ

ಮಾನ್ಯ ಸಂಪಾದಕರೇ,

ಬೇಸಿಗೆಯಲ್ಲಿ ಬೆಂಗಳೂರು, ಮೈಸೂರುಗಳ ರಸ್ತೆಬದಿಯಲ್ಲಿ ನೇರಳೆ ಗೊಂಚಲು ಬಿಡುವ ಹೊಳೆದಾಸವಾಳವನ್ನೂ ಕೈತೋಟದ ಕ್ರೇಪ್ ಮಿರ್ಟಲ್ ಪೊದೆಯನ್ನೂ ಒಂದೇ ಗಿಡದ ದೊಡ್ಡ ತಳಿ, ಚಿಕ್ಕ ತಳಿ ಎಂದು ಹೇಳಿ ಮಾರುವುದನ್ನು ನರ್ಸರಿಯೊಂದರಲ್ಲಿ ಕಂಡು ಈ ಪತ್ರ ಬರೆಯುತ್ತಿದ್ದೇನೆ. ಇವೆರಡೂ ಲ್ಯಾಗರ್‌ಸ್ಟ್ರೋಮಿಯ ಕುಲದವು ಎಂಬುದು ನಿಜ. ಮಲೆನಾಡಿನ ನಂದಿ ಮರವೂ ಅದೇ ಕುಲದ್ದು. (ಹೆಸರಿನಲ್ಲಿ ದಾಸವಾಳವಿದ್ದರೂ ಇವು ದಾಸವಾಳದ ನೆಂಟರಲ್ಲ, ಮದರಂಗಿ ಮತ್ತು ದಾಳಿಂಬೆಯ ಕುಟುಂಬಕ್ಕೆ ಸೇರಿದವು.) ಆದರೆ ಪ್ರಭೇದ ಬೇರೆಯಾದಂತೆ ಹೂವಿನೊಳಗಿನ ಏರ್ಪಾಡೂ ಬೇರೆಯಾಗಿದೆ.

ಹೊಳೆದಾಸವಾಳದ ಒಂದು ಹೂವಿನಲ್ಲಿ ನೂರಕ್ಕೂ ಮಿಕ್ಕ ಕೇಸರಗಳಿದ್ದು (ಪರಾಗ ಹೊತ್ತ ಗಂಡು ಎಳೆಗಳು), ಅವೆಲ್ಲ ಹೆಚ್ಚುಕಡಿಮೆ ಒಂದೇ ರೂಪದವು. ಕ್ರೇಪ್ ಮಿರ್ಟಲ್ ಹೂವಿನ ಸುಕ್ಕುಸುಕ್ಕಾದ ಎಸಳುಗಳ ನಡುವೆ ಭೂತಗನ್ನಡಿ ಹಿಡಿದು ನೋಡಿದರೆ, ಸುಮಾರು ನಲವತ್ತು ಕೇಸರಗಳ ಪೈಕಿ ಹೊರಸುತ್ತಿನ ಐದಾರು ಮಾತ್ರ ಉದ್ದವಾಗಿ ಬಾಗಿದ್ದು, ಒಳಗಿನವು ಗಿಡ್ಡವಾಗಿ, ಎದ್ದು ಕಾಣುವ ಹಳದಿ ಪರಾಗಕೋಶಗಳನ್ನು ಹೊತ್ತಿರುವುದು ಗೊತ್ತಾಗುತ್ತದೆ. ಉದ್ದ ಕೇಸರಗಳ ಪರಾಗಕ್ಕೆ ಹಸಿರು ಛಾಯೆಯಿದೆ. ಈ ಹೂವಿನಲ್ಲಿ ಮಕರಂದವಿಲ್ಲದ ಕಾರಣ ಜೇನುಹುಳುಗಳಿಗೆ ಪರಾಗವೇ ಆಹಾರ. ಹಳದಿಗೆ ಮನಸೋತು ಬಂದ ಹುಳು ನಡುವಿನ ಪರಾಗವನ್ನು ಕೆರೆದುಕೊಳ್ಳುತ್ತಿರುವಾಗ ಉದ್ದ ಕೇಸರಗಳು ಅದರ ಮೈಗೆ ಒರಸಿಕೊಳ್ಳುತ್ತವೆ; ಅದೇ ಎತ್ತರಕ್ಕೆ ಚಾಚಿರುವ ಶಲಾಕಾಗ್ರಕ್ಕೆ (ಪರಾಗವನ್ನು ಸ್ವೀಕರಿಸುವ ಹೆಣ್ಣುಭಾಗದ ತುದಿಗೆ) ಮುಂದಿನ ಹೂವಿನಲ್ಲಿ ಆ ಪರಾಗ ತಾಗುತ್ತದೆ. ಹೀಗೆ ಒಂದು ಬಗೆಯ ಪರಾಗ ಮುಖ್ಯವಾಗಿ ಅತಿಥಿಗೆ, ಇನ್ನೊಂದು ಬೀಜಕ್ಕೆ. ಇಬ್ಬಗೆಯ ಕೇಸರಗಳಿರುವ ಹೂಗಳಲ್ಲಿ ಇಂಥ ಕೆಲಸದ ಹಂಚಿಕೆಯಿರುವುದನ್ನು ಜರ್ಮನ್ ಜೀವವಿಜ್ಞಾನಿಗಳಾದ ಹರ್ಮನ್ ಮುಲ್ಲರ್ ಮತ್ತು ಫ್ರಿಟ್ಜ್ ಮುಲ್ಲರ್ ಸೋದರರು 1880ರ ದಶಕದಲ್ಲೇ ವಿವರಿಸಿದ್ದರು. ಒಂದೇ ಕುಲದ ಎರಡು ಗಿಡಗಳು ಹುಳುಗಳೊಡನೆ ಇಷ್ಟು ಬೇರೆ ರೀತಿಯಲ್ಲಿ ವ್ಯವಹರಿಸುವುದನ್ನು ನೋಡಿದಾಗಲೆಲ್ಲ, ಮೂವತ್ತು ವರ್ಷ ಪಾಠ ಹೇಳಿದ ಮೇಲೂ, ನನಗೆ ಬೆರಗಾಗುತ್ತದೆ.

ಉದ್ಯಾನಗಳಲ್ಲಿ ಮರಗಳಿಗೆ ತೂಗುಹಾಕುವ ಫಲಕಗಳಲ್ಲಿ ಹಲವೆಡೆ ಕುಲದ ಹೆಸರಷ್ಟೇ ಇರುತ್ತದೆ. ಅದರ ಜೊತೆಗೆ ಪ್ರಭೇದದ ಹೆಸರನ್ನೂ ಕನ್ನಡ ಹೆಸರನ್ನೂ ಬರೆಸಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ. ಕಾಲೇಜಿನ ಅಧ್ಯಾಪಕ ಮಿತ್ರರು ಪ್ರಾಯೋಗಿಕ ತರಗತಿಯಲ್ಲಿ ಎಂದಿನ ದಾಸವಾಳದೊಂದಿಗೆ ಈ ಎರಡು ಹೂಗಳನ್ನೂ ಅಕ್ಕಪಕ್ಕದಲ್ಲಿಟ್ಟು ಬಿಡಿಸಿ ತೋರಿಸಲಿ. ತಮ್ಮ ಪತ್ರಿಕೆಯೂ ಹೊಳೆದಾಸವಾಳದ ಚಿತ್ರ ಪ್ರಕಟಿಸುವಾಗ ಅಡಿಬರಹದಲ್ಲಿ ಪ್ರಭೇದವನ್ನು ನಮೂದಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕ, ಮೈಸೂರು